ನಮ್ಮ ಪೇಡ, ನಿಮ್ಮ ಪೇಡ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಗಾದೆ. ಹೊಗೆಯಿಲ್ಲದೆ ಬೆಂಕಿ ಉರಿಸುವುದು ನನ್ನ ನೌಕರಿಯಾಗಿತ್ತು. ಕೋಲಾರದ ಒಂದು ಸಂಸ್ಥೆಗೆ, ಹೆಸರು ಬೇಡ, ಗೋಬರ್ ಗ್ಯಾಸ್ ಮೇಲ್ವಿಚಾರಕಿಯಾಗಿ ಸೇರಿದೆ. ನಡುವೆ ಸಿಕ್ಕ ಬಡ್ತಿಗಳಿಂದ ಕೂರುವ ಕುರ್ಚಿ ಬದಲಾಯಿತೇ ಹೊರತು ಸೀರೆಯ ಅಂಚಿಗೆ ಅಂಟುವ ಸಗಣಿ ಬದಲಾಗಲಿಲ್ಲ. ಆದ್ದರಿಂದ ಬಡ್ತಿಗಳ ಮಾತು ಬಿಟ್ಟುಬಿಡುತ್ತೇನೆ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅವರಿಗೆ ತರಬೇತಿಯಲ್ಲಿ ಭೂಮಿ ಬಿಸಿಯಾಗುವುದು ಹೇಗೆ, ಒಂದು ಒಲೆ ಆರಿದರೆ ಎಷ್ಟು ಇಂಗಾಲ ಉಳಿಯುತ್ತದೆ, ಫೋನಿನಲ್ಲಿ ಫೋಟೋ ತೆಗೆದು ಎಲ್ಲಿಗೆ ಕಳಿಸಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ಒಳ್ಳೆಯದೇ. ಆದರೆ ಗೌನಿಪಲ್ಲಿ ಹತ್ತಿರದ ಊರೊಂದರ ರತ್ನಮ್ಮ, ಮಗಳ ಬಾಣಂತನವನ್ನು ತನ್ನ ಮನೆಯಲ್ಲೇ ಮಾಡಬೇಕೆಂದು ಪಟ್ಟ ಪಾಡನ್ನು ಯಾರೂ ಹೇಳಿಕೊಡುವುದಿಲ್ಲ. ಆ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು, ನಾನು ಅವಳ ಮನೆಗೆ ಎಂಥ ಬುದ್ಧಿವಂತಳಾಗಿ ಹೋದೆ ಎಂಬುದು ನಿಮಗೆ ಗೊತ್ತಿರಬೇಕು.

ನನ್ನ ತವರು ಮದ್ದೂರಿನ ಕಡೆ. ಮದುವೆಯಾಗಿ ಮಾಲೂರಿಗೆ ಬಂದೆ. ಯಜಮಾನರು ಅಲ್ಲಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗೂಡು ಸುಡುವ ಉಸ್ತುವಾರಿ ನೋಡುತ್ತಿದ್ದರು. ನಾನು ದಿನವಿಡೀ ಹಳ್ಳಿ ಸುತ್ತಿ ಒಂದು ಹೊರೆ ಸೌದೆ ಉಳಿಸಿ ಬಂದರೆ, ಅವರು ಅಷ್ಟರಲ್ಲಿ ಒಂದು ಲಾರಿ ನೀಲಗಿರಿ ಉರಿಸಿ ಬಂದಿರುತ್ತಿದ್ದರು. "ನೀನು ಉಳಿಸ್ತಾ ಇರು ಕಣೇ, ನಾನು ಸುಡ್ತಾ ಇರ್ತೀನಿ. ಇಬ್ರಿಗೂ ಸಂಬಳ ಬಂದ್ರೆ ಸಾಕು," ಎಂದು ರೇಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಗೂ ಹೊಗೆ ಇರಲಿಲ್ಲ ಎನ್ನುವುದೊಂದೇ ಸಮಾಧಾನ.

ನಮ್ಮ ಯೋಜನಾಧಿಕಾರಿ ಪದ್ಮನಾಭಯ್ಯನವರು. ಮನುಷ್ಯ ಒಳ್ಳೆಯವರು, ಮೈಕು ಸಿಕ್ಕರೆ ಮಾತ್ರ ಬೇರೆಯವರಾಗಿಬಿಡುತ್ತಿದ್ದರು. ಸುಗಟೂರಿನ ಹಾಲಿನ ಡೇರಿಯ ಅಂಗಳದಲ್ಲಿ ನಮ್ಮ ಮೊದಲ ದೊಡ್ಡ ಸಭೆ. ಹಸು ಕಟ್ಟಿದ ರೈತರೆಲ್ಲ ಹಾಲು ಹಾಕಿ ಕ್ಯಾನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಸಾಹೇಬರು ಎದ್ದವರೇ, "ಇಂಗಾಲ ಕಡಿಮೆ ಮಾಡಬೇಕು. ಪ್ರತಿಯೊಂದು ಮನೆಯೂ ಇಂದಿನಿಂದಲೇ ಇಂಗಾಲ ಕಡಿಮೆ ಮಾಡಬೇಕು," ಎಂದು ಗುಡುಗಿದರು. ಸಭೆ ಮಿಕಮಿಕ ನೋಡಿತು. ಹಳ್ಳಿಯ ನಾಲಿಗೆಗೆ ಹಕಾರ ಹತ್ತುವುದಿಲ್ಲ ನೋಡಿ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹಿಂಗಾಲು ಇಂಗಾಲಾಗುತ್ತದೆ.

ಹಿಂದಿನ ಸಾಲಿನಿಂದ ಚಿಕ್ಕಮುನಿಯಪ್ಪ ಎಂಬ ರೈತ ಎದ್ದು ನಿಂತ. "ಸಾ, ಒಂದ್ ಮಾತು. ನಮ್ಮನೇಲಿ ನಾಕು ಅಸು ಅವೆ. ಇಂಗಾಲು ಕಮ್ಮಿ ಮಾಡು ಅಂತೀರಿ. ಒಂದೊಂದು ಅಸೂಗೆ ಒಂದೊಂದು ಕಮ್ಮಿ ಮಾಡ್ಲಾ, ಎರಡೂ ತೆಗ್ದುಬಿಡ್ಲಾ? ಬರೀ ಮುಂಗಾಲಲ್ಲಿ ನಿಂತ್ಕೊಂಡು ಆಲು ಕೊಡ್ತಾವಾ ಸಾ?"

ಅವನು ನಿಜಕ್ಕೂ ಅರ್ಥವಾಗದೆ ಕೇಳಿದನೋ, ಬೇಕೆಂದೇ ಕಾಲೆಳೆದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಳವೆಲ್ಲ ಘೊಳ್ಳೆಂದಿತು. ಸಾಹೇಬರು ನಗುವಿನ ಕಾರಣವೇ ತಿಳಿಯದೆ ನನ್ನ ಕಡೆ ತಿರುಗಿದರು. ನಾನು ಮೈಕು ಇಸಿದುಕೊಂಡು, "ಮುನಿಯಪ್ಪನೋರೇ, ಹಸೂನ ಹಿಂಗಾಲು ನಮಗೆ ಬೇಡ. ಹಿಂಗಾಲಿನ ಹಿಂದೆ ಬೀಳುತ್ತಲ್ಲ, ಅದು ಬೇಕು," ಎಂದೆ. ಆ ವಾರವೇ ಅವನ ಕೊಟ್ಟಿಗೆಯ ಪಕ್ಕದಲ್ಲಿ ಗುಂಡಿ ತೋಡಿದೆವು. ಆಮೇಲೆ ನಾನು ಇಂಗಾಲ ಎಂಬ ಪದವನ್ನು ಹಳ್ಳಿಯಲ್ಲಿ ಬಳಸಿದ್ದಿಲ್ಲ. ಹೊಗೆ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬಿಕೊಂಡವರಿಗೆ ಬೇರೆ ಪಾಠ ಬೇಕಿರಲಿಲ್ಲ.

ಸಾಹೇಬರಿಗೆ ಮಾತ್ರ ಘೋಷಣೆಯ ಚಟ ಬಿಡಲಿಲ್ಲ. "ಕೊಳೆಯುವುದೆಲ್ಲ ಗ್ಯಾಸೇ!" ಎಂಬುದೊಂದನ್ನು ಹೊಸೆದು, ಅದು ತಮಗೇ ಬಹಳ ಹಿಡಿಸಿ, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯ ಗೋಡೆಗಳ ಮೇಲೆ ಹಸಿರು ಅಕ್ಷರದಲ್ಲಿ ಬರೆಸಿದರು. ಈ ಗೋಡೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ಎಡವಟ್ಟಾಗುತ್ತದೆ.

ಮುಳಬಾಗಿಲು ಕಡೆಯ ಒಂದು ಮನೆಯಲ್ಲಿ ನಾನು ಕಲಿತದ್ದನ್ನೂ ಹೇಳಬೇಕು. ಗ್ಯಾಸು ಚೆನ್ನಾಗಿ ಉರಿಯುತ್ತಿತ್ತು, ಅಡುಗೆಮನೆಗೆ ಸುಣ್ಣ ಬಳಿದು ಬೆಳ್ಳಗೆ ಮಾಡಿದ್ದರು. ಮುಂದಿನ ಸಲ ಹೋದಾಗ ಆ ಮನೆಯ ಅಜ್ಜಿ ಬಾಗಿಲಲ್ಲೇ ತಡೆದಳು. "ಬಾರವ್ವಾ ಬಾ, ನಿನ್ ಗ್ಯಾಸ್ ಬಂದು ನನ್ ಬಿತ್ತನೆ ಹೋಯ್ತು," ಎಂದು ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಅವರೆ ಬೀಜ ಮುಕ್ಕಾಲು ಪಾಲು ಹುಳು ಹಿಡಿದು ಪುಡಿಯಾಗಿತ್ತು. ಒಲೆಯ ಮೇಲಿನ ಅಟ್ಟಕ್ಕೆ ಬೀಜದ ಗಂಟು ಕಟ್ಟಿದರೆ ಹೊಗೆಗೆ ಹುಳು ಸುಳಿಯುವುದಿಲ್ಲ. ನಾನು ಹೊಗೆ ತೆಗೆದೆ, ಹುಳುವಿಗೆ ದಾರಿ ಬಿಟ್ಟೆ. ಅಜ್ಜಿಯ ಬೈಗುಳ ಮುಗಿಯುವವರೆಗೆ ಕೂತಿದ್ದು, ಕೊನೆಗೆ ಇಬ್ಬರೂ ಸೇರಿ ಉಳಿದ ಬೀಜವನ್ನು ಬೇವಿನೆಲೆ ಹಾಕಿ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಹೂತಿಟ್ಟೆವು. ಅದು ಉಳಿಯಿತು. ಒಂದು ಮನೆಯಿಂದ ಏನನ್ನಾದರೂ ತೆಗೆಯುವ ಮೊದಲು ಅದು ಅಲ್ಲಿ ಇನ್ನೇನು ಕೆಲಸ ಮಾಡುತ್ತಿದೆ ಎಂದು ಕೇಳಿ. ಇಷ್ಟನ್ನು ಯಾವ ತರಬೇತಿಯಲ್ಲೂ ಹೇಳಲಿಲ್ಲ.

ಇನ್ನೊಂದು ಗುಟ್ಟು. ಗ್ಯಾಸು ಉರಿಯುತ್ತಿದೆಯೇ ಎಂದು ಮನೆಯವರನ್ನು ಕೇಳಬೇಡಿ. ಮೇಡಂ ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೂಂ ಅನ್ನುತ್ತಾರೆ. ಹಿತ್ತಲಿಗೆ ಹೋಗಿ ಸೌದೆ ರಾಶಿ ನೋಡಿ. ಅದರ ಮೇಲೆ ಜೇಡ ಬಲೆ ಕಟ್ಟಿದ್ದರೆ ಗ್ಯಾಸು ಉರಿಯುತ್ತಿದೆ. ಬಲೆ ಹರಿದಿದ್ದರೆ ನಿಮಗೆ ಕೆಲಸವಿದೆ. ಗ್ಯಾಸು ಹಿಡಿದಿಡಲು ನಾನು ಮೊದಮೊದಲು ಕಂಡ ಕಬ್ಬಿಣದ ಡ್ರಮ್ಮುಗಳು ತುಕ್ಕು ಹಿಡಿದು ಹೋದವು, ಆಮೇಲೆ ಇಟ್ಟಿಗೆ ಗುಮ್ಮಟ ಬಂತು, ಈಗ ಚೀಲದಂಥ ರೆಡಿಮೇಡು ಬಂದಿದೆ. ಜೇಡ ಮಾತ್ರ ಅಂದಿನಿಂದ ಇಂದಿನವರೆಗೆ ಸುಳ್ಳು ಹೇಳಿಲ್ಲ.

ಇನ್ನು ರತ್ನಮ್ಮನ ಕಥೆ.

ಗೌನಿಪಲ್ಲಿ ಕಡೆಗೆ ಹೋದರೆ ಮಾವಿನ ತೋಟಗಳು, ಅದರಾಚೆ ಆಂಧ್ರ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಒಂದೇ ವಾಕ್ಯ ಇಲ್ಲಿ ಹುಟ್ಟಿ ಅಲ್ಲಿ ಮುಗಿಯುತ್ತದೆ. ನನಗೋ ತೆಲುಗು ಒಂದಕ್ಷರ ಬಾರದು. ರತ್ನಮ್ಮ ತಾನಾಗಿಯೇ ಶ್ರೀನಿವಾಸಪುರದ ನಮ್ಮ ಕಚೇರಿಗೆ ಬಂದು ಗ್ಯಾಸು ಬೇಕು ಎಂದು ಕೇಳಿದವಳು. ನಾವು ಹೋಗಿ ಕಾಲು ಹಿಡಿದರೂ ಒಪ್ಪದ ಜನರ ನಡುವೆ ಇದೇನಪ್ಪ ಎಂದು ನನಗೆ ಅಚ್ಚರಿ. ಕಾರಣ ಕೇಳಿದೆ.

ಅವಳಿಗೆ ಒಬ್ಬಳೇ ಮಗಳು, ಅನಿತ. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ಅಮ್ಮ ಒಲೆ ಹಚ್ಚಿದಳೆಂದರೆ ಮಗಳು ಪುಸ್ತಕ ಹಿಡಿದು ಮಾವಿನ ತೋಪಿಗೆ ಓಡಬೇಕು. ಮದುವೆಯಾಗಿ ನರಸಾಪುರಕ್ಕೆ ಹೋದಳು. ಗಂಡ ಅಲ್ಲಿನ ಕಂಪನಿಯೊಂದರಲ್ಲಿ ಶಿಫ್ಟು ಕೆಲಸ. ಎರಡು ಕೋಣೆಯ ಮನೆ, ಸಿಲಿಂಡರ್ ಒಲೆ. ಅಲ್ಲಿ ಉಬ್ಬಸ ಎಷ್ಟೋ ತಗ್ಗಿತು. ಈಗ ಬಸುರಿ. ಕೋಲಾರದ ಡಾಕ್ಟರು ಹೊಗೆಯ ಹತ್ತಿರವೂ ಸುಳಿಯಬಾರದು ಎಂದಿದ್ದಾರೆ. ಅನಿತಳ ಅತ್ತೆ ಖಂಡಿತವಾಗಿ ಹೇಳಿಬಿಟ್ಟಿದ್ದರು, "ಆ ಹೊಗೆ ಗೂಡಿಗೆ ಬಾಣಂತೀನ ಕಳಿಸಲ್ಲ. ಇಲ್ಲೇ ಆಗ್ಲಿ."

ಚೊಚ್ಚಲ ಬಾಣಂತನ ತವರಿನ ಹಕ್ಕು. ಅದನ್ನು ಕಳೆದುಕೊಂಡ ತಾಯಿ ಊರಲ್ಲಿ ತಲೆ ಎತ್ತುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ ರತ್ನಮ್ಮನ ಮನಸ್ಸಿನಲ್ಲಿ ಇನ್ನೊಂದಿತ್ತು. "ಅವಳ್ನ ಹೊಗೇಲೇ ಬೆಳೆಸ್ದೆ ಮೇಡಂ. ನಾನು ಅನ್ನ ಮಾಡಿದ್ದಕ್ಕೇ ಅವಳು ಕೆಮ್ಮಿದ್ದು. ಒಂದ್ ಸಲನಾದ್ರೂ ಹೊಗೆ ಇಲ್ದೆ ನೀರು ಕಾಯಿಸಿ ಅವಳ ತಲೆಗೆ ಎರೀಬೇಕು ನಾನು," ಎಂದಳು. ಮನೆಯಲ್ಲಿ ಸಿಲಿಂಡರ್ ಇತ್ತು. ಅದು ಟೀಗೆ, ನೆಂಟರಿಗೆ. ಬಾಣಂತಿಗೆ ದಿನಾ ಕೊಳದಪ್ಪಲೆ ತುಂಬ ನೀರು ಕಾಯಿಸಲು ಅದನ್ನು ನಂಬುವಂತಿರಲಿಲ್ಲ, ಮುಗಿದ ಮೇಲೆ ಮುಂದಿನದು ಯಾವಾಗ ಬರುತ್ತದೋ ಆ ದೇವರೇ ಬಲ್ಲ.

ಕೊಟ್ಟಿಗೆ ತುಂಬ ಹಸು ಇದ್ದವು. ನಮ್ಮ ಮೇಸ್ತ್ರಿ ಚಾಂದ್ ಪಾಷ ಹೋಗಿ ಇಟ್ಟಿಗೆ ಗುಮ್ಮಟ ಕಟ್ಟಿದ. ಕಟ್ಟಿ ಮುಗಿಸಿ ಅದರ ಮೇಲೆ ತಾನೇ ಹತ್ತಿ ಕುಣಿದು, "ನನ್ ಗುಮ್ಮಟ ಮೇಡಂ, ಆನೆ ಹತ್ಲಿ ಬೇಕಾದ್ರೆ," ಎಂದು ಜಂಬ ಕೊಚ್ಚಿಕೊಂಡು ಮುಳಬಾಗಿಲಿಗೆ ಹೊರಟುಹೋದ. ಹೊರಡುವ ಮುಂಚೆ, ಮೊದಲ ಸಲ ತುಂಬಲು ಬೇಕಾದ್ದನ್ನು ಮೇಡಂ ಹೇಳುತ್ತಾರೆ ಎಂದು ರತ್ನಮ್ಮನಿಗೆ ಹೇಳಿದ್ದ. ಅವಳು ನನಗೆ ಫೋನು ಮಾಡಿದಳು.

"ಮೇಡಂ, ಶುರು ಮಾಡೋ ದಿನಕ್ಕೆ ಪೇಡ ಎಂತ ಕಾವಾಲ? ಎಷ್ಟು ಬೇಕು?"

ಪೂಜೆಯ ದಿನ ಹಂಚಲು ಸಿಹಿ ತರುತ್ತಾಳೆ, ಪಾಪ, ಎಂದುಕೊಂಡೆ. "ಅಯ್ಯೋ, ಯಾಕಮ್ಮ ಅದೆಲ್ಲ? ಕಾಲು ಕೇಜಿ ಸಾಕು," ಎಂದೆ.

"ಕಾಲು ಕೇಜಿನಾ?"

"ಹೂಂ, ಎಲ್ಲರ ಬಾಯಿಗೂ ಒಂದ್ ಚೂರು ಬಿದ್ರೆ ಆಯ್ತು. ಸಾಹೇಬರಿಗೆ ಸಕ್ಕರೆ ಕಾಯಿಲೆ. ಆದ್ರೂ ಬಲವಂತ ಮಾಡಿದ್ರೆ ಅರ್ಧ ತಿಂತಾರೆ."

ಅವಳು ಸಣ್ಣ ದನಿಯಲ್ಲಿ, "ಮೇಡಂ, ಸಾಹೇಬ್ರು ಪೇಡ ತಿಂತಾರಾ?" ಎಂದಳು.

"ಇಷ್ಟ ಅವರಿಗೆ," ಎಂದು ಫೋನಿಟ್ಟೆ.

ಶುರು ಮಾಡುವ ದಿನ ಸಾಹೇಬರೂ ನಾನೂ ಹೋದೆವು. ಗುಮ್ಮಟಕ್ಕೆ ಮಾವಿನ ತೋರಣ, ಅರಿಸಿನ ಕುಂಕುಮ. ರತ್ನಮ್ಮ ಒಂದು ಬಾಳೆಯೆಲೆಯನ್ನು ತಟ್ಟೆಯ ಮೇಲಿಟ್ಟು ತಂದಳು. ಎಲೆಯ ಮೇಲೆ ಉಂಡೆ ಕಟ್ಟಿದ ಹಸಿ ಸಗಣಿ, ಸರಿಯಾಗಿ ಕಾಲು ಕೇಜಿ. ಸುತ್ತ ನಿಂತಿದ್ದ ಜನ ಉಸಿರು ಬಿಗಿಹಿಡಿದು ಸಾಹೇಬರ ಬಾಯಿಯನ್ನೇ ನೋಡುತ್ತಿದ್ದರು. ಅಲ್ಲಿಗೆ ನನಗೆ ತಿಳಿಯಿತು, ತೆಲುಗಿನಲ್ಲಿ ಪೇಡ ಎಂದರೆ ಸಗಣಿ.

ನಾನು ಸಿಹಿ ಪೇಡ ಎಂದುಕೊಂಡಿದ್ದೆ ಎಂದು ನಿಜ ಹೇಳಿದೆ. ಊರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ರತ್ನಮ್ಮನ ಗಂಡ ವೆಂಕಟರವಣಪ್ಪ ನಗುತ್ತ ನಗುತ್ತ ಗುಮ್ಮಟದ ಮೇಲೆಯೇ ಕೂತುಬಿಟ್ಟ. ಒಂದು ಗುಂಡಿ ತುಂಬಲು ಬೇಕಾದ ಸಗಣಿ ಅವನ ಕೊಟ್ಟಿಗೆಯಲ್ಲಿ ಅವತ್ತು ಇರಲಿಲ್ಲ, ಕಾಲು ಕೇಜಿ ಸಾಕೆಂದು ಮಿಕ್ಕದ್ದನ್ನೆಲ್ಲ ತೋಟಕ್ಕೆ ಹೊಡೆದಿದ್ದ. ಆದರೆ ನಗಿಸಿದ ಋಣಕ್ಕೋ ಏನೋ, ಊರಿನವರು ಮಂಕರಿ ಮಂಕರಿ ತಂದು ಸುರಿದರು. "ಇಂದಾ ಮೇಡಂ ನಮ್ ಪೇಡ, ಇಂದಾ ಸಾಹೇಬ್ರೆ," ಎಂದು ಒಬ್ಬೊಬ್ಬರೂ ಮಾತು ಸೇರಿಸಿ ಸುರಿದರು. ಸಂಜೆಯೊಳಗೆ ಗುಂಡಿ ತುಂಬಿತು. ನನ್ನ ಹೆಸರು ಆ ಕಡೆಯೆಲ್ಲ ಪೇಡ ಮೇಡಂ ಎಂದಾಯಿತು.

ಕೆಲವು ವಾರಕ್ಕೆ ನೀಲಿ ಉರಿ ಬಂತು. ಅನಿತಳ ಅತ್ತೆ ಒಮ್ಮೆ ಬಂದು ಅಡುಗೆಮನೆಯಲ್ಲಿ ನಿಂತು ನೋಡಿ, ಮೂಗರಳಿಸಿ ಮೂಸಿ, "ಹಾಗಾದ್ರೆ ಕಳಿಸ್ತೀವಿ," ಎಂದು ಒಪ್ಪಿ ಹೋದರು. ರತ್ನಮ್ಮ ಬಾಣಂತಿ ಕೋಣೆಗೆ ಸುಣ್ಣ ಬಳಿಸಿದಳು. ಸೌದೆ ರಾಶಿಯ ಮೇಲೆ ಜೇಡ ಬಲೆ ನೇಯ್ದಿತ್ತು, ನಾನು ಕಣ್ಣಾರೆ ಕಂಡೆ. ಈ ಮನೆಯ ಚಿಂತೆ ಮುಗಿಯಿತು ಎಂದು ಬೇರೆ ಊರು ಹಿಡಿದೆ.

ಆಮೇಲೆ ಮಾವಿನ ಕಾಲ ಬಂತು. ಒಂದು ಸಂಜೆ ಗಾಳಿಮಳೆ ಹೊಡೆದು ಕಾಯಿ ಹಣ್ಣೆಲ್ಲ ಉದುರಿ ತೋಪಿನ ನೆಲ ಕಾಣದಂತಾಯಿತು. ಒಡೆದ ಹಣ್ಣು ಯಾರಿಗೆ ಬೇಕು? ವೆಂಕಟರವಣಪ್ಪ ತಿಪ್ಪೆಗೆ ಹೊರುತ್ತಿದ್ದವನು ಮನೆಯೆದುರಿನ ಗೋಡೆಯ ಮೇಲಿದ್ದ ನಮ್ಮ ಹಸಿರು ಅಕ್ಷರಗಳ ಮುಂದೆ ನಿಂತ. ಕೊಳೆಯುವುದೆಲ್ಲ ಗ್ಯಾಸೇ. ಸರಿ, ಕುಕ್ಕೆ ಕುಕ್ಕೆ ಮಾವು ತಂದು ಗುಂಡಿಗೆ ಸುರಿದ. ಮಗಳು ಬರುತ್ತಾಳೆ, ಗ್ಯಾಸು ಜಾಸ್ತಿ ಬೇಕಾಗುತ್ತದೆ ಎಂಬ ಪ್ರೀತಿ ಬೇರೆ. ರಾಗಿ ಬೆಳೆಯುವ ಊರಿನವರು ಈ ತಪ್ಪು ಮಾಡುವಂತೆಯೇ ಇಲ್ಲ, ಅಷ್ಟು ಸಿಹಿಯನ್ನು ಗುಂಡಿಗೆ ಸುರಿಯಲು ಅವರಿಗೆ ಎಲ್ಲಿಂದ ಬರಬೇಕು?

ರತ್ನಮ್ಮ ಫೋನು ಮಾಡಿದಾಗ ದನಿಯೇ ಒಡೆದಿತ್ತು. "ಮೇಡಂ, ಗ್ಯಾಸ್ ರಾಲೇದು. ಬರ್ತಾನೇ ಇಲ್ಲ."

ಹೋಗಿ ಗುಂಡಿಯ ಬಾಯಲ್ಲಿ ಬಗ್ಗಿ ಮೂಸಿದೆ. ಹಳಸಿದ ಉಪ್ಪಿನಕಾಯಿಯ ವಾಸನೆ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಗುಂಡಿಯ ಹೊಟ್ಟೆ ಹುಳಿ ಹಿಡಿದಿತ್ತು. ಹುಳಿಯಲ್ಲಿ ಗ್ಯಾಸು ಮಾಡುವ ಜೀವಾಣುಗಳು ಬದುಕುವುದಿಲ್ಲ. "ಪುಲಿಸಿಪೋಯಿಂದಿ," ಎಂದ ವೆಂಕಟರವಣಪ್ಪ ತಲೆ ತಗ್ಗಿಸಿ. ಅದಕ್ಕೆ ಅರ್ಥ ಯಾರೂ ಹೇಳಬೇಕಾಗಲಿಲ್ಲ.

ಸಾಹೇಬರೂ ಬಂದರು. "ಯಾರ್ರೀ ನಿಮಗೆ ಮಾವಿನಹಣ್ಣು ಹಾಕು ಅಂದೋರು?" ಎಂದು ರೇಗಿದರು. ವೆಂಕಟರವಣಪ್ಪ ಎದುರಿನ ಗೋಡೆಯ ಕಡೆ ಕೈ ತೋರಿಸಿದ. ಸಾಹೇಬರು ತಮ್ಮ ಘೋಷಣೆಯನ್ನು ತಾವೇ ಓದಿಕೊಂಡರು. ನಾನು ಬೇರೆ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದೆ. ಕೊನೆಗೆ ಅವರು, "ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸದಾಗಿ ತುಂಬಿ," ಎಂದು ಅಪ್ಪಣೆ ಕೊಟ್ಟರು.

ಹಾಗೆ ಮಾಡಿದರೆ ಹೆರಿಗೆಯ ದಿನ ದಾಟಿ ಹೋಗುತ್ತಿತ್ತು. ರತ್ನಮ್ಮನಿಗೂ ಅದು ಗೊತ್ತು. ಅವಳು ಅಳಲಿಲ್ಲ, ಜಗಲಿಯ ಕಂಬಕ್ಕೆ ಒರಗಿ ಕೂತು, "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಬಿಡಿ ಮೇಡಂ," ಎಂದಳಷ್ಟೆ. ಪಕ್ಕದ ಮನೆಯ ಮುದುಕಿ, "ಹೊಗೆ ಇಲ್ದಿರೋ ಬಾಣಂತನ ಎಲ್ಲಾದ್ರೂ ಉಂಟಾ? ಸಾಂಬ್ರಾಣಿ ಇಲ್ದೆ ಮಗು ತಲೆ ಒಣಗುತ್ತಾ?" ಎಂದು ಗಾಯದ ಮೇಲೆ ಉಪ್ಪು ಸುರಿದಳು. ಹಿತ್ತಲಲ್ಲಿ ಸೌದೆ ರಾಶಿಯ ಬಲೆ ಹರಿದಿತ್ತು.

ಸಾಹೇಬರ ಮಾತು ಮೀರುವುದು ನನ್ನ ಸ್ವಭಾವವಲ್ಲ. ಮೀರದೆ ಇರುವುದೂ ಅಲ್ಲ. "ಸಾರ್, ಮೊಸರು ಕೆಟ್ಟರೆ ಹೆಪ್ಪು ಬದಲಾಯಿಸ್ತೀವಿ, ಗಡಿಗೆ ಒಡೀತೀವಾ? ಒಂದು ಪ್ರಯತ್ನ ಮಾಡ್ತೀನಿ," ಎಂದೆ. ಗೋಡೆಯ ದೆಸೆಯಿಂದ ಅವರು ಅವತ್ತು ಮೆತ್ತಗಾಗಿದ್ದರು. ಒಪ್ಪಿದರು.

ಗುಂಡಿಗೆ ಏನನ್ನೂ ಹಾಕದಂತೆ ಉಪವಾಸ ಕೆಡವಿದೆವು. ಹುಳಿ ಮುರಿಯಲು ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟೆವು. ಒಮ್ಮೆಲೇ ಬಿಟ್ಟರೆ ಇದ್ದಬದ್ದ ಜೀವವೂ ಹೋಗುತ್ತದೆ. ಇನ್ನು ಹೆಪ್ಪು ಬೇಕು. ಚೆನ್ನಾಗಿ ಉರಿಯುತ್ತಿರುವ ಗುಂಡಿಯೊಳಗಿನ ಬಗ್ಗಡವೇ ಅದಕ್ಕೆ ಹೆಪ್ಪು. ನನಗೆ ನೆನಪಾದದ್ದು ಸುಗಟೂರಿನ ಚಿಕ್ಕಮುನಿಯಪ್ಪ. ಫೋನು ಮಾಡಿದೆ.

"ಇಂಗಾಲು ಉಳಿಸ್ಕೊಟ್ಟ ಮೇಡಂಗೆ ಇಲ್ಲ ಅಂತೀನಾ?" ಎಂದು ನಕ್ಕು, ಹಾಲಿನ ಟೆಂಪೋದಲ್ಲಿ ಡ್ರಮ್ಮುಗಟ್ಟಲೆ ಬಗ್ಗಡ ತುಂಬಿಸಿಕೊಂಡು ಅವನೇ ಬಂದ. ದಾರಿಯುದ್ದಕ್ಕೂ ಶ್ರೀನಿವಾಸಪುರದವರೆಗೆ ಜನ ಮೂಗು ಮುಚ್ಚಿಕೊಂಡು ಬೈದರಂತೆ. ರತ್ನಮ್ಮನ ಊರಿನವರು ತಮ್ಮ ಪಾಲಿಗೆ ಹೊಸ ಸಗಣಿ ತಂದರು. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಅನಿತ ಊರಿಗೆ ಬರುತ್ತಾಳೋ ಇಲ್ಲವೋ ಎಂಬುದು ಅಷ್ಟರಲ್ಲಿ ಇಡೀ ಕೇರಿಯ ಚಿಂತೆಯಾಗಿತ್ತು.

ಕಾದೆವು. ಕೆಲವು ದಿನಕ್ಕೆ ಕೊಳವೆಯಲ್ಲಿ ಗಾಳಿ ಬರತೊಡಗಿತು. ವೆಂಕಟರವಣಪ್ಪ ಹಿರಿಹಿರಿ ಹಿಗ್ಗಿ ಕಡ್ಡಿ ಗೀರಿದರೆ ಒಲೆ ಹೊತ್ತುವ ಬದಲು ಕಡ್ಡಿಯೇ ಆರಿತು. ಇನ್ನೊಂದು ಗೀರಿದ, ಅದೂ ಆರಿತು. ಮೊದಲು ಬರುವ ಗಾಳಿ ಹಾಗೆಯೇ. ಸಾಹೇಬರು ಕಡಿಮೆ ಮಾಡಿ ಎಂದು ಗುಡುಗುತ್ತಿದ್ದ ಇಂಗಾಲದ ಗಾಳಿಯೇ ಅದರಲ್ಲಿ ಹೆಚ್ಚು, ಉರಿಯುವುದಿಲ್ಲ, ಉರಿಯುವುದನ್ನೂ ಆರಿಸುತ್ತದೆ. ಹೊರಗೆ ಬಿಟ್ಟುಬಿಡಿ, ಮತ್ತೆ ಕಾಯಿರಿ ಎಂದೆ. ಹೇಳುವಾಗ ಧೈರ್ಯವಾಗಿ ಹೇಳಿದೆ, ಒಳಗೆ ನನಗೂ ಭಯವೇ.

ಅಷ್ಟರಲ್ಲಿ ಅನಿತಳಿಗೆ ಕೋಲಾರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ರತ್ನಮ್ಮ ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದಳು. ಅತ್ತೆ ಒಂದೇ ಮಾತು ಹೇಳಿದ್ದರು, "ನಿಮ್ಮ ಒಲೆ ಹೊತ್ತಿದ್ರೆ ನಿಮ್ಮೂರಿಗೆ. ಇಲ್ಲಾಂದ್ರೆ ನಮ್ಮೂರಿಗೆ. ಮಗು ವಿಷಯ ಕಣ್ರೀ, ಬೇಜಾರು ಮಾಡ್ಕೋಬೇಡಿ." ಅದು ನ್ಯಾಯವಾದ ಮಾತೇ ಆಗಿತ್ತು.

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಬೆಳಿಗ್ಗೆ ನಾನು ರತ್ನಮ್ಮನ ಅಡುಗೆಮನೆಯಲ್ಲಿದ್ದೆ. ವೆಂಕಟರವಣಪ್ಪ ಕಡ್ಡಿಪೆಟ್ಟಿಗೆ ಹಿಡಿದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬಾಗಿಲಲ್ಲಿ ಸಾಂಬ್ರಾಣಿ ಮುದುಕಿ. ಫೋನು ಸ್ಪೀಕರಿನಲ್ಲಿತ್ತು, ಆ ಕಡೆ ಆಸ್ಪತ್ರೆಯ ಗೇಟಿನಲ್ಲಿ ರತ್ನಮ್ಮ.

"ಏನೂಂದ್ರೆ, ಕಾರು ಬಂದು ನಿಂತೈತೆ. ಡ್ರೈವರ್ ಕೇಳ್ತಾ ಅವ್ನೆ. ನರಸಾಪುರಕ್ಕಾ, ನಮ್ಮೂರಿಗಾ?"

"ತಡಿಯೇ," ಎಂದು ಅವನು ಕಡ್ಡಿ ಗೀರಿದ. ಕಡ್ಡಿ ಮುರಿಯಿತು. ಇನ್ನೊಂದು ಗೀರಿ, ಅದನ್ನು ಒಲೆಯ ಹತ್ತಿರ ಒಯ್ಯದೆ ಹಾಗೆಯೇ ಹಿಡಿದು ನನ್ನ ಮುಖ ನೋಡಿದ. ನಾನು ಗ್ಯಾಸು ತಿರುಗಿಸಿದೆ, ಅವನು ಕಡ್ಡಿ ಒಡ್ಡಿದ. ಭುಗ್ ಎಂದು ಸದ್ದಾಯಿತು. ಒಲೆಯ ಸುತ್ತ ನೀಲಿ ಉರಿ ಎದ್ದು, ಒಮ್ಮೆ ತೊನೆದು, ನಿಂತಿತು.

"ಅಂಟುಕುಂದಿ!" ಎಂದು ಅವನು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸುಗಳು ಎದ್ದು ನಿಂತವು. "ಅಂಟುಕುಂದಿ ಕಣೇ, ಹೊತ್ಕೊಂತು! ನಮ್ಮೂರಿಗೇ ಬಾರೇ!"

ಫೋನಿನಲ್ಲಿ ರತ್ನಮ್ಮ ಅಳುತ್ತಿದ್ದಳು, ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೌಕರಿಯುದ್ದಕ್ಕೂ ಎಷ್ಟೋ ಒಲೆ ಹಚ್ಚಿದ್ದೇನೆ, ಅಂಥ ನಿರಾಳ ಇನ್ನೊಂದಕ್ಕೆ ಆಗಿಲ್ಲ. ಮುದುಕಿ ಒಳಗೆ ಬಂದು ಉರಿಯನ್ನು ಬಗ್ಗಿ ನೋಡಿ, "ಸಾಂಬ್ರಾಣಿ ಬೇಡ ಬಿಡು, ಬಿಸಿಲಿಗೆ ಒಣಗಿಸೋಣ ತಲೇನ," ಎಂದು ತಾನೇ ತೀರ್ಮಾನ ಕೊಟ್ಟಳು.

ಈಗಿನವರು ಇಲ್ಲಿ ಒಂದು ಫೋಟೋ ತೆಗೆಯುತ್ತಾರೆ. ಒಲೆ, ಉರಿ, ಪಕ್ಕದಲ್ಲಿ ನಗುವ ಗೃಹಿಣಿ. ಅದನ್ನು ಕಳಿಸಿದರೆ ಎಲ್ಲೋ ದೂರದ ಕಂಪನಿಯೊಂದರ ಹೊಗೆಯ ಲೆಕ್ಕಕ್ಕೆ ಇದು ಜಮೆಯಾಗುತ್ತದಂತೆ. ಆಗಲಿ, ನನಗೆ ತಕರಾರಿಲ್ಲ. ಆದರೆ ಫೋ‍ಟೋ ತೆಗೆದವರೇ ಹೊರಟುಬಿಡಬೇಡಿ. ಸ್ವಲ್ಪ ಹೊತ್ತು ಆ ಮನೆಯಲ್ಲಿ ಕೂತಿರಿ.

ನಾನು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಾರು ಬಂತು, ಕೆನ್ನೀರು ಚೆಲ್ಲಿ ದೃಷ್ಟಿ ತೆಗೆದು ತಾಯಿ ಮಗುವನ್ನು ಒಳಗೆ ಕರೆದುಕೊಂಡರು. ರತ್ನಮ್ಮ ಕೋಲಾರದಿಂದ ತಂದಿದ್ದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ತಗೊಳ್ಳಿ, ಇದು ನಿಮ್ ಪೇಡ," ಎಂದಳು. ಹಿತ್ತಲಿನ ಮಂಕರಿಯ ಕಡೆ ಗಲ್ಲ ತೋರಿಸಿ, "ಅದು ನಮ್ ಪೇಡ," ಎಂದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ದೊಡ್ಡ ಪಾತ್ರೆ ತುಂಬ ನೀರು ಒಲೆಯ ಮೇಲಿಟ್ಟಳು.

ನೀರು ಕಾದು ಆವಿ ಏಳುತ್ತಿತ್ತು. ಗೋಡೆಯ ಆಚೆ ಬಾಣಂತಿ ಕೋಣೆಯಿಂದ ಅನಿತಳ ದನಿ ಬಂತು. "ಅಮ್ಮಾ, ಪೊಯ್ಯಿ ಇಂಕಾ ಅಂಟಿಂಚಲೇದಾ?"

ಆ ಹೊತ್ತಿಗೆ ನನಗೂ ಅಷ್ಟು ತೆಲುಗು ಬರುತ್ತಿತ್ತು. ಒಲೆ ಇನ್ನೂ ಹಚ್ಚಲಿಲ್ಲವಾ ಎಂದು ಕೇಳುತ್ತಿದ್ದಳು. ಹುಟ್ಟಿದಂದಿನಿಂದ ಅಮ್ಮ ಒಲೆ ಹಚ್ಚಿದ್ದನ್ನು ಆ ಹುಡುಗಿಗೆ ಯಾರೂ ಹೇಳಬೇಕಾಗಿರಲಿಲ್ಲ, ಎದೆಯೇ ಹೇಳುತ್ತಿತ್ತು. ರತ್ನಮ್ಮ ಚೊಂಬು ಹಿಡಿದವಳು ಹಾಗೆಯೇ ನಿಂತಳು. ಕಣ್ಣು ತುಂಬಿತ್ತು, ಈ ಸಲ ಹೊಗೆಗಲ್ಲ.

"ಹಚ್ಚಿ ಎಷ್ಟೊತ್ತಾಯ್ತು ಕಣೇ," ಎಂದಳು. "ನೀರು ಕುದೀತಾ ಐತೆ."

ಆ ಕಡೆಯಿಂದ ಮಗಳು, "ಹೌದಾ? ನಂಗೆ ಗೊತ್ತೇ ಆಗ್ಲಿಲ್ವಲ್ಲಮ್ಮ," ಎಂದಳು.